ಬಾಗಿದ ನೀರು

ಜೋಳದ ಹಿಟ್ಟಿಗೆ ಎಸರು ಸುರಿದಾಗ ಏಳುವ ಹಬೆಯ ವಾಸನೆಗೆ ಈಗಲೂ ನನಗೆ ಠಾಣಾ ಕುಶನೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕ್ರೈಸ್ತ ಸಿಸ್ಟರುಗಳ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿದಿತ್ತು. ಬೀದರದ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತೇನೆಂದು ನಾನು, ಕೂಡದೆಂದು ಕಾಕಾ. ಅಜ್ಜಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಪರಾತದಿಂದ ನಾದಿದ ಬಿಸಿ ಹಿಟ್ಟು ತೆಗೆದು ಒಂದು ದೊಡ್ಡ ಉಂಡೆ, ಎರಡು ಸಣ್ಣ ಉಂಡೆ ಮಾಡಿ, ತೊಗರಿ ಕಡ್ಡಿ ಚುಚ್ಚಿ ಜೋಡಿಸಿದೆ.

"ಏನದು?" ಎಂದರು ಕಾಕಾ.

"ನೀರಿನ ಅಣು ರೀ. ದೊಡ್ಡದು ಆಕ್ಸಿಜನ್, ಸಣ್ಣವು ಹೈಡ್ರೋಜನ್."

"ಡೊಂಕ ಆಗ್ಯದಲ್ಲ! ಇದನ್ನೇ ಕಲಿಸ್ಯಾರೇನು ನಿಮ್ಮ ಸಿಸ್ಟರು?" ಎನ್ನುತ್ತ ಕಡ್ಡಿಗಳನ್ನು ಒಂದೇ ಗೆರೆಗೆ ತಂದರು. ನಾನು ಮತ್ತೆ ಬಾಗಿಸಿದೆ. ಅವರು ಮತ್ತೆ ನೆಟ್ಟಗೆ ಮಾಡಿದರು.

"ಬಾಗಿದ್ರೇನೇ ಅದು ನೀರು ಕಾಕಾ. ನೆಟ್ಟಗ ಇದ್ರ ಅದರಾಗ ಉಪ್ಪು ಸುದ್ದಾ ಕರಗಂಗಿಲ್ರಿ."

"ಹಿಟ್ಟು ತಿರುಗಿ ಹಾಕು. ರೊಟ್ಟಿ ಬಡಿಯೂದು ಕಲಿ, ಅಷ್ಟು ಸೈನ್ಸ್ ಸಾಕು."

ನಾನು ಕೊಡಲಿಲ್ಲ. ಇನ್ನೊಮ್ಮೆ ಬಾಗಿಸಿ ಕಟ್ಟೆಯ ಬಿಸಿಲಿಗಿಟ್ಟೆ.

ಊಟಕ್ಕೆ ಕೂತ ಕಾಕಾ ಎರಡನೆಯ ರೊಟ್ಟಿ ಕೇಳಿದರು. ಅಜ್ಜಿ ಖಾಲಿ ಪರಾತ ತೋರಿಸಿದಳು.

"ನಿನ್ನ ರೊಟ್ಟಿ ಹಿಟ್ಟು ಬಿಸಲಾಗ ಒಣಗಲಾಕತ್ತದ. ಹುಡುಗಿ ಕಾಲೇಜಿಗಿ ಹೋಗತನಕ ಒಂದರಾಗೇ ಸಾಗಸು."