ನೊರೆ ಟೀಚರ ಹಟ

ಉಜ್ಜಿ, ಚೆನ್ನಾಗಿ ಉಜ್ಜಿ, ಅವನ ಹೊಟ್ಟೆ ಉರಿಯಲಿ. ಕೊನೆಯ ಮಾತನ್ನು ನುಂಗಿಕೊಂಡು ಟೀಚರ್ ಉಳಿದದ್ದನ್ನಷ್ಟೇ ಬಾಯಿಬಿಟ್ಟು ಹೇಳಿದಳು. ಶಿಶುವಿಹಾರದ ನಲ್ಲಿಯ ಮುಂದೆ ಸಾಲಾಗಿ ನಿಂತ ಪುಟಾಣಿಗಳು ಬಾಯಿತುಂಬ ನೊರೆ ಮಾಡಿಕೊಂಡು ತಲೆಯಾಡಿಸಿದವು.

ಎದುರು ಬದಿಯಲ್ಲೇ ಅವನ ಬಾಗಿಲು. ಗೋಡೆಯ ತುಂಬ ಆನೆ, ಮೊಲಗಳ ಚಿತ್ರ. ಮೇಜಿನ ಮೇಲೆ ಲಾಲಿಪಾಪ್ ತುಂಬಿದ ಭರಣಿ. ಸಂಜೆಯಾದರೆ ಆ ಮೆಟ್ಟಿಲ ಮೇಲೆ ಮಕ್ಕಳ ರಂಪ, ಅಮ್ಮಂದಿರ ಗದರಿಕೆ. ಒಳಗೆ ಹೋದ ಮಕ್ಕಳು ಹೊರಗೆ ಬರುವಾಗ ಕಡ್ಡಿ ಚೀಪುತ್ತಾ ಬರುತ್ತಿದ್ದವು. ಮಹಾರಾಯನ ಗಲ್ಲಾ ತುಂಬುತ್ತಲೇ ಇತ್ತು.

ಅವನ ಹೆಂಡತಿಯಾಗಿ ಅದೇ ಬಾಗಿಲೊಳಗೆ ವರ್ಷಗಟ್ಟಲೆ ದುಡಿದವಳು ಈ ಟೀಚರ್. ನೆಲ ಒರೆಸಿದ್ದು, ಅಳುವ ಮಕ್ಕಳನ್ನು ರಮಿಸಿದ್ದು ಎಲ್ಲ ಅವಳೇ. ಒಂದು ದಿನ ಅವನು ಇನ್ನೊಬ್ಬಳನ್ನು ತಂದು ಅವಳ ಜಾಗದಲ್ಲಿ ನಿಲ್ಲಿಸಿದ.

"ನಿನ್ನ ಸಿಡುಕು ಮೋರೆ ನೋಡಿದ್ರೆ ಮಕ್ಕಳು ಈ ಕಡೆ ತಲೆ ಹಾಕಲ್ಲ," ಅಂದ.

ಮನೆಯೂ ಹೋಯಿತು, ಕೆಲಸವೂ ಹೋಯಿತು. ಆ ಬಾಗಿಲು ಮುಚ್ಚಿಸದೆ ಬಿಡುವುದಿಲ್ಲ ಎಂದು ಹಟ ತೊಟ್ಟೇ ಅವಳು ಶಿಶುವಿಹಾರಕ್ಕೆ ಸೇರಿದ್ದಳು.

"ಮಕ್ಕಳು ಸಿಹಿ ತಿನ್ನೋದು ಬಿಡ್ತಾವೇನೇ? ಅವನ ವ್ಯಾಪಾರಕ್ಕೆ ಏನೂ ಆಗಲ್ಲ ಬಿಡು," ಎಂದಳು ಶಿಶುವಿಹಾರದ ಆಯಾ.

"ನೋಡ್ತಾ ಇರಕ್ಕ."

ಬಟಾಣಿ ಕಾಳಿನಷ್ಟು ಪೇಸ್ಟು. ದವಡೆ ಹಲ್ಲಿನ ಸಂದಿಯಲ್ಲಿ ಕಳ್ಳ ಅಡಗಿದ್ದಾನೆ, ಬ್ರಷ್ಷಿನಿಂದ ಹಿಡಿಯಬೇಕು. ಹಿಡಿದವರಿಗೆ ಚಪ್ಪಾಳೆ. ಮಕ್ಕಳು ಮನೆಯಲ್ಲೂ ಅದೇ ಆಟಕ್ಕೆ ಬಿದ್ದವು. ಉಜ್ಜದೆ ಮಲಗಿದ ಅಪ್ಪಂದಿರನ್ನೂ ಬಚ್ಚಲಿಗೆ ಎಳೆದೊಯ್ದವು. ಬೀದಿಯ ಮಕ್ಕಳ ಬಾಯಲ್ಲಿ ಅವಳು ನೊರೆ ಟೀಚರ್ ಆದಳು. ಎದುರಿನ ಗದ್ದಲ ದಿನೇ ದಿನೇ ಇಳಿಯುತ್ತಾ ಬಂತು.

ಮರುವರ್ಷ ಅವನೇ ಗೇಟಿನ ಬಳಿ ಬಂದು ನಿಂತ.

"ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

"ಮಕ್ಕಳಿಗೆ ಒಳ್ಳೇದು ಹೇಳ್ಕೊಟ್ರೆ ತಮಗ್ಯಾಕೆ ಸಂಕಟ?"

ಅವನು ಗೇಟನ್ನು ದಡಾರನೆ ತಳ್ಳಿ ರಸ್ತೆ ದಾಟಿ ಹೋದ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಎದುರಿಗೆ ಲಾರಿ ಬಂದು ನಿಂತಿತು. ಟೀಚರ್ ಸೊಂಟದ ಮೇಲೆ ಕೈಯಿಟ್ಟು ಕಣ್ತುಂಬ ನೋಡಿದಳು.

"ಪಾಪ ಅನ್ಸಲ್ವೇನೇ?" ಆಯಾ ಕೇಳಿದಳು.

"ಒಂದು ಚೂರೂ ಇಲ್ಲ."

ಅಷ್ಟರಲ್ಲಿ ನಾಲ್ಕು ಜನ ಆಳುಗಳು ಏದುಸಿರು ಬಿಡುತ್ತಾ ಹೊತ್ತು ತಂದರು, ಮಕ್ಕಳ ಹುಳುಕು ಹಲ್ಲು ಕೀಳಲೆಂದೇ ಈ ಹಲ್ಲಿನ ಡಾಕ್ಟರು ತರಿಸಿದ್ದ ದೊಡ್ಡ ಕುರ್ಚಿಯನ್ನು.