ವಾಲ್ಯೂಮು ಹತ್ತು

ಲೈಬ್ರರಿಯನ್ ಗಿಟಾರಿನ ಆಂಪ್ಲಿಫೈಯರಿನ ಗುಂಡಿಯನ್ನು ಹತ್ತಕ್ಕೆ ತಿರುಗಿಸಿ ಒಂದೇ ಒಂದು ಸಲ ತಂತಿ ಮೀಟಿದ. ಷೋಕೇಸಿನ ಗಾಜು ಝಲ್ಲೆಂದಿತು, ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳವೊಂದು ತಾನಾಗಿಯೇ ಉರುಳಿತು. ಕೆಳಗಿನ ಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಕಾಫಿ ಕುಡಿಯುತ್ತಿದ್ದವರು ಲೋಟದ ಸಮೇತ ಮೇಲೆ ಬಂದು ಬಾಗಿಲಲ್ಲಿ ನಿಂತರು.

“ಇದರಲ್ಲಿ ಏನಿದೆ ನೋಡಿ,” ಎಂದು ಲೋಟ ಮುಂದೆ ಹಿಡಿದರು.

“ಸುಣ್ಣ, ಮೇಡಂ.”

“ನಾನು ಹಾಕಿದ್ದು ಸಕ್ಕರೆ.”

ಇನ್ನೊಂದು ಸಲ ಚಾವಣಿ ಉದುರಿದರೆ ಆ ಆಂಪ್ಲಿಫೈಯರ್ ಪೆಟ್ಟಿಗೆ ಗುಜರಿಗೆ ಹೋಗಬೇಕು ಎಂದು ಅವರು ಅಲ್ಲೇ ತೀರ್ಪು ಕೊಟ್ಟರು. ಅವನ ಹೆಂಡತಿ ಪಕ್ಕದಲ್ಲೇ ನಿಂತು ಹೂಂಗುಟ್ಟಿದಳು. ಪಾಪ, ಅವನ ಕಷ್ಟ ಯಾರಿಗೆ ಗೊತ್ತು? ಬೆಳಗಿನಿಂದ ಸಂಜೆಯವರೆಗೆ ಕೆಮ್ಮಿದವರಿಗೂ ‘ಶ್’ ಎನ್ನುವ ಕೆಲಸ. ಹಳೇ ರೇಡಿಯೋದ ಹಾಗೆ ಗಾಜಿನ ವಾಲ್ವಿರುವ ಆ ಪೆಟ್ಟಿಗೆಯೋ, ಎರಡರಲ್ಲಿಟ್ಟರೆ ಶೀತವಾದ ಬೆಕ್ಕಿನ ಹಾಗೆ ಕೊರಗುತ್ತಿತ್ತು. ಹತ್ತಕ್ಕೆ ಹೋದರೆ ಮಾತ್ರ ಅದರ ಗಂಟಲು ಬಿಚ್ಚುತ್ತಿತ್ತು. ಅದು ಬಾಯಿ ತುಂಬ ಹಾಡಬೇಕು, ಅದನ್ನು ಒಬ್ಬರಾದರೂ ಎದುರಿಗೆ ಕೂತು ಕೇಳಬೇಕು, ಇಷ್ಟೇ ಅವನ ಆಸೆ.

ಸ್ಪೀಕರಿನ ತಂತಿ ಕಿತ್ತುಬಿಟ್ಟರೆ ಸದ್ದಿಲ್ಲದೆ ಬಾರಿಸಬಹುದಲ್ಲ ಎಂದು ಮೊದಲು ಹೊಳೆಯಿತು. ಹಾಗೆ ಮಾಡಿದರೆ ಹೊರಗೆ ಹೋಗಲು ದಾರಿಯಿಲ್ಲದ ಶಕ್ತಿಯೆಲ್ಲ ಒಳಗಿನ ಟ್ರಾನ್ಸ್‌ಫಾರ್ಮರನ್ನು ಸುಟ್ಟು ಕರಕಲು ಮಾಡುತ್ತದೆ ಎಂದು ಗಿಟಾರಿನ ಅಂಗಡಿಯವನು ಹೆದರಿಸಿ, ತೂತುತೂತಿನ ತಗಡಿನ ಡಬ್ಬಿಯೊಂದನ್ನು ಕೊಟ್ಟ. ಸ್ಪೀಕರಿನ ಜಾಗಕ್ಕೆ ಇದನ್ನು ಜೋಡಿಸಬೇಕು. ಗದ್ದಲವೆಲ್ಲ ಇದರೊಳಗೆ ಬಿಸಿಯಾಗಿ ಹೊರಗೆ ಬರುತ್ತದೆ. ಹಾಡನ್ನು ಹೆಡ್‌ಫೋನಿನಲ್ಲಿ ಮೆಲ್ಲಗೆ ಕೇಳಿಕೊಳ್ಳಬಹುದು. ತೂತುಗಳನ್ನು ಮಾತ್ರ ಯಾವತ್ತೂ ಮುಚ್ಚಬಾರದು.

ಅವತ್ತು ಪೆಟ್ಟಿಗೆ ಹತ್ತರಲ್ಲಿ ಹಾಡಿತು, ಮನೆಯಲ್ಲಿ ಸೊಳ್ಳೆಯ ಸದ್ದೂ ಕೇಳುವಷ್ಟು ಮೌನ. ಲೈಬ್ರರಿಯನ್ ಕಣ್ಣು ಮುಚ್ಚಿ, ತಲೆ ಕುಣಿಸಿ, ಸೋಫಾದ ಮೇಲೆ ಎರಡು ಸಲ ಹಾರಿದ. ಸಂತೋಷಕ್ಕೆ ಕಣ್ಣೀರೇ ಬಂತು. ಹೆಡ್‌ಫೋನನ್ನು ಹೆಂಡತಿಯ ಕಿವಿಗಿಟ್ಟ. ಅವಳು, ಯಾರದೋ ಮಗುವನ್ನು ನೋಡಿ ಹೇಳುವ ಹಾಗೆ, ಮುದ್ದಾಗಿದೆ ಎಂದು ಹೇಳಿ ಈರುಳ್ಳಿ ಹೆಚ್ಚಲು ಹೋದಳು.

ಅಷ್ಟರಲ್ಲಿ ಮಳೆ ಹಿಡಿಯಿತು. ಬಾಲ್ಕನಿಯ ಬಟ್ಟೆಗಳು ಮುಗ್ಗಲು ವಾಸನೆ ಹೊಡೆಯತೊಡಗಿದವು. ನೆಲ ಒರೆಸುತ್ತಿದ್ದ ಹೆಂಡತಿಗೆ ಡಬ್ಬಿಯ ಹತ್ತಿರ ಬೆಚ್ಚನೆಯ ಗಾಳಿ ತಾಗಿತು. ತೂತು ಮುಚ್ಚದ ಹಾಗೆ ಮೊಳ ಎತ್ತರದಲ್ಲಿ ದಾರ ಕಟ್ಟಿ ಕಾಲುಚೀಲ ನೇತುಹಾಕಿದಳು. ಹಾಡು ಮುಗಿಯುವಷ್ಟರಲ್ಲಿ ಅವು ಗರಿಗರಿಯಾಗಿದ್ದವು. ಮರುದಿನದಿಂದ ಅವನು ಚಪ್ಪಲಿ ಬಿಡುವ ಮೊದಲೇ, ಇವತ್ತು ಬಾರಿಸೋದಿಲ್ವಾ ಎಂದು ಕೇಳತೊಡಗಿದಳು. ಅವನು ಉಬ್ಬಿಹೋದ. ಒಂದು ಸಂಜೆ ಬೆರಳು ನೋವೆಂದು ಗಿಟಾರು ಕೆಳಗಿಟ್ಟಾಗ ಅವಳು ಓಡಿಬಂದು, “ನಿಲ್ಲಿಸಬೇಡಿ ಅಂದ್ರೆ, ಬನಿಯನ್ ಇನ್ನೂ ಹಸಿ ಇದೆ,” ಎಂದಳು. ಅವನ ಮುಖ ಹುಳ್ಳಗಾಯಿತು. ಇಷ್ಟು ದಿನ ತಾನು ಇಸ್ತ್ರಿಪೆಟ್ಟಿಗೆಯ ತಮ್ಮನಾಗಿದ್ದೆ ಎಂದು ಬಹಳ ಬೇಜಾರಾಯಿತು.

ಅದೇ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಹೆಡ್‌ಮಿಸ್ಟ್ರೆಸ್! ಸದ್ದೇ ಇಲ್ಲದಿದ್ದರೂ ಅವನ ಕೈ ಗುಂಡಿಯ ಕಡೆ ಓಡಿತು. ಅವರು ಒಳಗೆ ಬಂದು, ಕೈಲಿದ್ದ ಬಕೆಟ್ಟನ್ನು ಕುರ್ಚಿಯ ಹಿಂದೆ ಇಟ್ಟು, ಹೆಂಡತಿ ಹೇಳಿದ್ದ ದಾರದ ಮೇಲೊಂದು ಟವೆಲ್ ಹರವಿ, ಅವನ ಎದುರಿಗೇ ಕೂತರು.

“ಬಾರಿಸಿ. ನಾನು ಕೂತಿರ್ತೀನಿ.”

ಎದುರಿಗೆ ಕೂತಿರುತ್ತೇನೆ ಎಂದು ಯಾರಾದರೂ ಹೇಳಿದ್ದು ಇದೇ ಮೊದಲು. ಟವೆಲ್ಲನ್ನು ಕಂಡೂ ಕಾಣದ ಹಾಗೆ ಅವನು ಹೆಡ್‌ಫೋನು ಚಾಚಿದ. ಅವರು ಬೇಡವೆಂದು ಕೈಯಾಡಿಸಿದರು. ಇರಲಿ, ಕೂತಿದ್ದಾರಲ್ಲ! ತಾನೇ ಕಟ್ಟಿದ, ಯಾರಿಗೂ ಕೇಳಿಸಿರದ, ಮೆಲ್ಲನೆ ತೂಗುವ ಹಾಡನ್ನು ಅವನು ಜೀವ ತುಂಬಿ ನುಡಿಸಿದ. ಅವರು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದರು. ಮುಗಿದಾಗ ಎದ್ದುಬಂದು, ಎರಡು ಬೆರಳಿನಿಂದ ಟವೆಲಿನ ಅಂಚು ಮುಟ್ಟಿ ನೋಡಿ ತಲೆದೂಗಿದರು.

“ಇನ್ನೊಂದು ಹಾಡು,” ಎಂದರು.

ಲೈಬ್ರರಿಯನ್ ಗಿಟಾರನ್ನು ಮತ್ತೆ ಎದೆಗೊತ್ತಿಕೊಂಡ. “ಯಾವುದು ಬಾರಿಸಲಿ, ಮೇಡಂ?”

“ನಿಧಾನದ್ದು ಬೇಡಪ್ಪ,” ಎನ್ನುತ್ತ ಅವರು ಬಕೆಟ್ಟಿಗೆ ಕೈ ಹಾಕಿದರು. “ಇದು ಬೆಡ್‌ಶೀಟು.”