ಎರಡು ಬಾಟಲಿ ಜುಲಾಬು

"ಏನ ತಿಂದೀರಿ? ಬಾಯಿ ತಗೀರಿ ಮೊದಲ!"

ಜಮಖಂಡಿಯ ಆಸ್ಪತ್ರೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನೋಡಲಿ! ಕಸ್ತೂರೆವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡ ಈರಪ್ಪನ ಮೀಸೆಯ ತುದಿಯಲ್ಲಿ ಶೇಂಗಾ ಚಟ್ನಿ ಅಂಟಿಕೊಂಡಿತ್ತು.

ಹೊಟ್ಟೆಗೆ ಗಾಳಿ ತುಂಬಿ, ಸಿ.ಟಿ. ಮಷೀನಿನಲ್ಲಿ ಕರುಳೆಲ್ಲ ನೋಡುತ್ತಾರೆ, ಗಂಟಿದ್ದರೆ ಕ್ಯಾನ್ಸರ್ ಆಗುವ ಮೊದಲೇ ಸಿಗುತ್ತದೆ, ಕರುಳು ಮಾತ್ರ ಖಾಲಿ ಇರಬೇಕು ಎಂದು ಬಂದು ಹೇಳಿದವನು ಇವನೇ. ಆಮೇಲೆ ಮೂರು ವಾರ ಹೊಟ್ಟೆ ಹಿಡಿದುಕೊಂಡು ನರಳಿದವನೂ ಇವನೇ. ಪರೀಕ್ಷೆಗೆ ಮಾತ್ರ ಸುತಾರಾಂ ಒಲ್ಲೆನೆಂದ.

"ನಮ್ಮಕ್ಕನೂ ಹಿಂಗ ಒಲ್ಲೆ ಒಲ್ಲೆ ಅಂತನ ಮಣ್ಣಿಗಿ ಹೋದ್ಲು!" ಎಂದು ಕಸ್ತೂರೆವ್ವ ಚೀರಿದ್ದಳು. ಅಕ್ಕ ಶಿವಗಂಗವ್ವ ಕರುಳಿನ ಕ್ಯಾನ್ಸರಿನಿಂದ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಅವಳ ತಿಥಿಯ ಶಿವಗಣಾರಾಧನೆ ಮುಗಿದ ಮೇಲೂ ಇದೇ ಆಸ್ಪತ್ರೆಯಿಂದ ಎರಡು ಸಲ ಫೋನು ಬಂದಿತ್ತು. ಸತ್ತವಳ ಸುದ್ದಿ ಇನ್ನೇನು ಕೇಳುತ್ತೀರಿ ಎಂದು ಬೈದು ಇಟ್ಟಿದ್ದಳು.

ಕೊನೆಗೆ ಈರಪ್ಪ ಷರತ್ತು ಹಾಕಿದ. "ಜುಲಾಬಿನ ಔಷಧ ನೀನೂ ಕುಡಿ. ಅಂದ್ರ ನಾನೂ ಕುಡೀತೀನಿ."

ಸಣ್ಣ ಹುಡುಗನ ಹಟ! ಆದರೆ ಮದುವೆಯಾದಂದಿನಿಂದ ಗಂಡ ಉಣ್ಣದೆ ತುತ್ತು ಎತ್ತಿದವಳಲ್ಲ ಅವಳು. ಅವನ ಉಪವಾಸವೆಂದರೆ ತನ್ನದೂ ಉಪವಾಸ. ಹಲ್ಲು ಕಡಿಯುತ್ತ ಒಂದು ಬಾಟಲಿ ಕುಡಿದು ಮುಗಿಸಿದಳು. ಈರಪ್ಪ ತನ್ನದನ್ನು ಹಿಡಿದು ಮಗ್ಗದ ಕೋಣೆಗೆ ಹೋದ. ಅವಳು ದಿನವಿಡೀ ಸಂಡಾಸಕ್ಕೆ ಓಡಿ ಸುಸ್ತಾದಳು. ಅವನ ಪವರ್‌ಲೂಮು ಒಂದು ಗಳಿಗೆಯೂ ನಿಲ್ಲಲಿಲ್ಲ. ಏನು ಹೊಟ್ಟೆಯೋ ಕಲ್ಲೋ ಎಂದುಕೊಂಡಳು.

ಈಗ ತಿಳಿಯಿತು.

"ಮಗ್ಗದ ಮುಂದ ಕುಂತ ರೊಟ್ಟಿ ಮುರದೀರಿ, ಹೌದಲ್ರಿ? ನಾ ಇಲ್ಲಿ ಒಣಗಿ ಸಾಯಾಕತ್ತೇನಿ! ಹೊಟ್ಟಿ ತುಂಬಿದ್ರ ಆ ಮಷೀನಿಗೆ ಏನ ಕಾಣತೈತಿ? ನನ್ನ ಕುಂಕುಮದ ಚಿಂತಿ ಐತೇನ ನಿಮಗ?"

ಈರಪ್ಪ ಟವೆಲ್ಲಿನಿಂದ ಮೀಸೆ ಒರೆಸಿಕೊಂಡ. ಎರಡು ದಿನದಿಂದ ಅವಳ ಕೈಗೆ ಕೊಡದ ಫೈಲನ್ನು ಎದೆಗೆ ಒತ್ತಿಕೊಂಡಿದ್ದ. ಒಳಗಿನ ಬಾಗಿಲು ತೆರೆದು ನರ್ಸ್ ಸರಿತಾ ಅದನ್ನು ಇಸಿದುಕೊಂಡಳು.

"ಹೊಟ್ಟಿಗಿ ಏನೂ ತಗೊಂಡಿಲ್ಲಲ್ರೀ?"

"ಒಂದ ತುತ್ತೂ ಇಲ್ರಿ," ಎಂದ ಈರಪ್ಪ. "ನಾನ ಕಣ್ಣಾಗ ಕಣ್ಣಿಟ್ಟ ನೋಡೇನಿ."

ಇಂಥ ಹಸಿ ಸುಳ್ಳು! "ಖರೆ ಹೇಳ್ರಿ!" ಎಂದು ಕಸ್ತೂರೆವ್ವ ಕುರ್ಚಿಯಿಂದ ಎದ್ದೇಬಿಟ್ಟಳು.

"ಛಲೋ ಆತು, ನೀವ ಎದ್ರಿ," ಎಂದಳು ಸರಿತಾ, ಫೈಲಿನ ಮೇಲಿದ್ದ ಹೆಸರನ್ನೊಮ್ಮೆ ನೋಡಿ. "ಅಕ್ಕಗ ಆಗಿದ್ರ ತಂಗಿ ತೋರಿಸ್ಕೋಬೇಕಂತ ಎರಡ ಸಲ ಫೋನ್ ಮಾಡಿದ್ವಿ. ಬರ್ರಿ ಕಸ್ತೂರೆವ್ವ, ಒಳಗ ಬರ್ರಿ."